ನರ್ಸ್ ಕೆಲಸದ ಸುಸ್ತಿಗೆ ಯೋಗ, ಧ್ಯಾನ ಸಾಕಾ?

ಪ್ರಶ್ನೆ: ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ವೀಕ್ ಆಫ್ ಇಡೀ ಮಲಗಿದರೂ ಸುಸ್ತು ಹೋಗುವುದಿಲ್ಲ. ಯಾರಾದರೂ "ಸಿಸ್ಟರ್" ಅಂತ ಕರೆದರೂ ಸಿಟ್ಟು ಬರುತ್ತದೆ. ಯೋಗ ಮಾಡು, ಸರಿಹೋಗುತ್ತೆ ಅಂತಾರೆ. ಹೌದಾ?

ಉತ್ತರ: ಯೋಗ ಮಾಡಿ, ಬೇಡ ಅನ್ನುವುದಿಲ್ಲ. ಮನಸ್ಸಿಗೆ, ಬೆನ್ನಿಗೆ ಒಳ್ಳೆಯದೇ. ಆದರೆ ನಿಮ್ಮ ಮನಸ್ಸು ಗಟ್ಟಿಯಿಲ್ಲ ಅಂತ ಮಾತ್ರ ಅಂದುಕೊಳ್ಳಬೇಡಿ. ಹೋಗದ ಸುಸ್ತು, ಕೆಲಸದ ಮೇಲೆ ಬೇಸರ, ಎಷ್ಟು ಮಾಡಿದರೂ ಏನೂ ಮಾಡಿಲ್ಲ ಅನ್ನಿಸುವುದು, ಈ ಮೂರೂ ಸೇರಿದ್ದನ್ನು ಬರ್ನ್‌ಔಟ್ ಅನ್ನುತ್ತಾರೆ. ಇದು ಕಾಯಿಲೆ ಅಲ್ಲ, ಕೆಲಸದ ಜಾಗದ ಒತ್ತಡ ತೀರದೇ ಉಳಿದಾಗ ಬರುವ ಸ್ಥಿತಿ ಅಂತ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಹಾಗಾಗಿ ಮೊದಲು ಲೆಕ್ಕ ನೋಡಿ. ನಿಮ್ಮ ಶಿಫ್ಟ್‌ನಲ್ಲಿ ನಿಮ್ಮೊಬ್ಬರ ಕೈಲಿ ಎಷ್ಟು ರೋಗಿಗಳು? ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಮತ್ತು ಜೊತೆಯವರು ಇದನ್ನೇ ನೋಡಿದರು. 2002ರಲ್ಲಿ ಬಂದ ಆ ಅಧ್ಯಯನದ ಪ್ರಕಾರ ಒಬ್ಬ ನರ್ಸ್‌ಗೆ ಒಬ್ಬ ರೋಗಿ ಜಾಸ್ತಿಯಾದರೆ ಬರ್ನ್‌ಔಟ್ ಸಾಧ್ಯತೆ ಶೇ 23ರಷ್ಟು ಏರುತ್ತದೆ, ಆಪರೇಷನ್ ಆದ ರೋಗಿ 30 ದಿನದೊಳಗೆ ಸಾಯುವ ಸಾಧ್ಯತೆಯೂ ಶೇ 7ರಷ್ಟು ಏರುತ್ತದೆ. ನಿಮ್ಮ ಸುಸ್ತು ನಿಮ್ಮೊಬ್ಬರ ವಿಷಯ ಅಲ್ಲವೇ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಕಾನೂನೇ ಇದೆ: ಸಾಮಾನ್ಯ ವಾರ್ಡ್‌ನಲ್ಲಿ ಐವರಿಗಿಂತ, ಐಸಿಯುನಲ್ಲಿ ಇಬ್ಬರಿಗಿಂತ ಹೆಚ್ಚು ರೋಗಿಗಳನ್ನು ಒಬ್ಬ ನರ್ಸ್‌ಗೆ ಕೊಡುವಂತಿಲ್ಲ, ರಾತ್ರಿಯೂ ಅಷ್ಟೇ.

ನಮ್ಮಲ್ಲಿ ಲೆಕ್ಕವೇ ಬೇರೆ ಥರ. ಮೂರು ಬೆಡ್‌ಗೆ ಒಬ್ಬ ನರ್ಸ್ ಅಂತ ಕಾಗದದಲ್ಲಿ ಇರಬಹುದು, ಅವರನ್ನೇ ಮೂರು ಶಿಫ್ಟ್‌ಗೆ ಹಂಚಿದರೆ ಒಬ್ಬರಿಗೆ ಒಂಬತ್ತು ಬೆಡ್ ಆಯಿತು, ಅದರಲ್ಲಿ ವೀಕ್ ಆಫ್, ರಜೆ, ಹೆರಿಗೆ ರಜೆ ಕಳೆದರೆ ಇನ್ನೂ ಏರುತ್ತದೆ, ಅದರ ಮೇಲೆ ಬಿಲ್ಲಿಂಗ್, ಫಾರ್ಮಸಿ ಓಡಾಟ, ಕೇಸ್ ಶೀಟ್ ಬರೆಯುವುದು, ರೋಗಿಗಳ ಕಡೆಯವರ ಬೈಗುಳ ಎಲ್ಲಾ ನಿಮ್ಮ ತಲೆಗೇ. ಇಷ್ಟಾದ ಮೇಲೆ ಧ್ಯಾನದ ತರಬೇತಿ ಇಟ್ಟು ಕೈತೊಳೆದುಕೊಳ್ಳುವುದು ಅನ್ಯಾಯ.

ಸಂಬಳದ ಕಥೆಯೂ ಹಾಗೇ. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಗಳು ಸರ್ಕಾರಿ ನರ್ಸ್‌ಗಳಷ್ಟೇ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಇದ್ದರೂ ತಿಂಗಳಿಗೆ 20,000 ರೂಪಾಯಿಗಿಂತ ಇಳಿಯಬಾರದು ಅಂತ ಶಿಫಾರಸು ಮಾಡಿತು. ಜಾರಿ ರಾಜ್ಯಗಳಿಗೆ ಬಿಟ್ಟದ್ದು.

ನೀವು ಈಗ ಏನು ಮಾಡಬಹುದು? ಡಬಲ್ ಡ್ಯೂಟಿ ಮಾಡಿದ ದಿನ, ಆ ದಿನದ ರೋಗಿಗಳ ಸಂಖ್ಯೆ ಬರೆದಿಡಿ. ಒಬ್ಬರೇ ಹೋಗಬೇಡಿ, ವಾರ್ಡ್‌ನವರೆಲ್ಲ ಸೇರಿ ಅದನ್ನು ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಲಿಖಿತವಾಗಿ ಕೊಡಿ. ನೈಟ್ ಡ್ಯೂಟಿ ಮುಗಿದ ಮರುದಿನವೇ ಬೆಳಗಿನ ಡ್ಯೂಟಿ ಹಾಕಬೇಡಿ ಅಂತ ಕೇಳಿ, ಇದಕ್ಕೆ ದುಡ್ಡು ಖರ್ಚಾಗುವುದಿಲ್ಲ. ನಿದ್ದೆ ಪೂರ್ತಿ ಕೆಟ್ಟಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಬೇರೆ ಕಡೆ ಕೆಲಸ ನೋಡುವುದಾದರೆ ಸಂಬಳ ಕೇಳುವಾಗಲೇ ಇನ್ನೊಂದನ್ನೂ ಕೇಳಿ: ರಾತ್ರಿ ಒಬ್ಬ ನರ್ಸ್‌ಗೆ ಎಷ್ಟು ಬೆಡ್?