ಸಾಂಕ್ರಾಮಿಕದ ಎದುರು ಸ್ಥಳೀಯ ಆಡಳಿತ: ಮುಂಬೈ, ಬೆಂಗಳೂರು ಮತ್ತು ಗ್ರಾಮ ಪಂಚಾಯಿತಿ

ಒಂದು ಸಮುದಾಯ ಸಾಂಕ್ರಾಮಿಕಕ್ಕೆ ಎಷ್ಟು ಸುಲಭವಾಗಿ ತುತ್ತಾಗುತ್ತದೆ ಎಂಬುದನ್ನು ಜನಸಾಂದ್ರತೆ, ಬಡತನ ಮತ್ತು ವಯಸ್ಸಿನಿಂದ ಅಳೆಯುವುದು ರೂಢಿ. ಆ ಅಳತೆ ಸಾಲದೆಂಬುದಕ್ಕೆ ಮುಂಬೈನ ಧಾರಾವಿ ಸಾಕ್ಷಿ. ಸುಮಾರು ಎರಡೂವರೆ ಚದರ ಕಿಲೋಮೀಟರಿನಲ್ಲಿ ಲಕ್ಷಾಂತರ ಜನರಿರುವ, ಬಹುಪಾಲು ಮಂದಿ ಸಾರ್ವಜನಿಕ ಶೌಚಾಲಯವನ್ನೇ ಬಳಸುವ ಅಲ್ಲಿ ಮೊದಲ ಕೋವಿಡ್ ಪ್ರಕರಣ ದಾಖಲಾದದ್ದು 2020ರ ಏಪ್ರಿಲ್ 1ರಂದು. ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿ ಮಲಗುವಲ್ಲಿ ಅಂತರ ಕಾಯ್ದುಕೊಳ್ಳುವುದು ಸಾಧ್ಯವೇ ಇರಲಿಲ್ಲ. ಇದನ್ನರಿತ ಪಾಲಿಕೆಯ ಜಿ-ಉತ್ತರ ವಾರ್ಡ್ ಕಚೇರಿಯು ಶಾಲೆಗಳನ್ನೂ ಕ್ರೀಡಾ ಸಂಕೀರ್ಣವನ್ನೂ ಕ್ವಾರಂಟೈನ್ ಕೇಂದ್ರಗಳನ್ನಾಗಿಸಿ, ಜನರಿಗೆ ಪರಿಚಿತರಾದ ಸ್ಥಳೀಯ ಖಾಸಗಿ ವೈದ್ಯರನ್ನು ಸೇರಿಸಿಕೊಂಡು ಮನೆಮನೆ ತಪಾಸಣೆ ನಡೆಸಿ, ಶೌಚಾಲಯಗಳನ್ನು ಪದೇ ಪದೇ ಸೋಂಕುಮುಕ್ತಗೊಳಿಸಿತು. ಜುಲೈ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು ಈ ಕೆಲಸವನ್ನು ಹೆಸರಿಸಿ ಮೆಚ್ಚಿದರು.

ಆದರೂ ಇದನ್ನು ಪೂರ್ಣ ಗೆಲುವೆಂದು ಬರೆಯಬಾರದು. ಅದೇ ಜುಲೈನಲ್ಲಿ ಮುಂಬೈನ ಬೇರೆ ಮೂರು ವಾರ್ಡುಗಳಲ್ಲಿ ನಡೆದ ರಕ್ತ ಸಮೀಕ್ಷೆಯು ಕೊಳೆಗೇರಿಗಳ ಶೇ. 57ರಷ್ಟು ಜನರಲ್ಲಿ, ಸೋಂಕು ತಗುಲಿ ಹೋದದ್ದರ ಗುರುತಾದ ಪ್ರತಿಕಾಯಗಳನ್ನು ಕಂಡಿತು. ಉಳಿದ ಬಡಾವಣೆಗಳಲ್ಲಿ ಅದು ಶೇ. 16 ಮಾತ್ರ. ಆಡಳಿತವು ದುರ್ಬಲತೆಯನ್ನು ತಗ್ಗಿಸಬಲ್ಲದು, ವಸತಿಯ ಅಸಮಾನತೆಯನ್ನು ಕೆಲವೇ ತಿಂಗಳಲ್ಲಿ ಅಳಿಸಲಾರದು.

ವಾರ್ಡ್ ಕಚೇರಿಗೆ ಅಷ್ಟು ಬಲ ಎಲ್ಲಿಂದ ಬಂತು ಎಂಬುದು ನನ್ನ ದೃಷ್ಟಿಯಲ್ಲಿ ಮುಖ್ಯ ಪ್ರಶ್ನೆ. ಮುಂಬೈನಲ್ಲಿ ನೀರು ಪೂರೈಕೆ ಪಾಲಿಕೆಯ ಕೈಯಲ್ಲಿದೆ. ಕೆಇಎಂ, ನಾಯರ್, ಸಯಾನ್‌ನಂಥ ವೈದ್ಯಕೀಯ ಕಾಲೇಜು ಆಸ್ಪತ್ರೆಗಳೂ ಅದರವೇ. ಆದ್ದರಿಂದಲೇ ಹಾಸಿಗೆ ಹಂಚಿಕೆಯನ್ನು 24 ಆಡಳಿತ ವಾರ್ಡುಗಳ ವಾರ್ ರೂಮ್‌ಗಳಿಗೆ, ಅಂದರೆ ತುರ್ತು ನಿರ್ವಹಣಾ ಕೇಂದ್ರಗಳಿಗೆ, ಒಪ್ಪಿಸುವುದು ಸಾಧ್ಯವಾಯಿತು. ಬೆಂಗಳೂರಿನಲ್ಲಿ ನೀರು 1964ರಿಂದ ಪ್ರತ್ಯೇಕ ಮಂಡಳಿಯದು, ವಿಕ್ಟೋರಿಯಾದಂಥ ದೊಡ್ಡ ಆಸ್ಪತ್ರೆಗಳು ರಾಜ್ಯ ಸರ್ಕಾರದ ಅಧೀನ. ಸಾಲದ್ದಕ್ಕೆ, ನಗರದ ಆಗಿನ ಪಾಲಿಕೆಯಾದ ಬಿಬಿಎಂಪಿಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದು ಚುನಾವಣೆ ನಡೆಯದೆ, 2021ರ ಎರಡನೇ ಅಲೆಯಲ್ಲಿ ಹಾಸಿಗೆಗಾಗಿ ಪರದಾಡುತ್ತಿದ್ದ ಕುಟುಂಬಗಳಿಗೆ 198 ವಾರ್ಡುಗಳ ಪೈಕಿ ಒಂದರಲ್ಲಿಯೂ ಕಾರ್ಪೊರೇಟರ್ ಇರಲಿಲ್ಲ. ಸಂವಿಧಾನದ 12ನೇ ಅನುಸೂಚಿ ನಗರಾಡಳಿತಕ್ಕೆ ಹೆಸರಿಸಿದ 18 ವಿಷಯಗಳಲ್ಲಿ ಸಾರ್ವಜನಿಕ ಆರೋಗ್ಯವೂ ಇದೆ; ಆದರೆ ಅದನ್ನು ವಹಿಸಿಕೊಡುವ ನಿರ್ಧಾರ ರಾಜ್ಯದ್ದೇ.

ಹಳ್ಳಿಗಳಲ್ಲಿ ಇದೇ ಕೊರತೆ ಇನ್ನೊಂದು ರೂಪದಲ್ಲಿ ಕಾಣುತ್ತದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕಾರ್ಯಪಡೆಗಳು ರಚನೆಯಾದವು, ಊರಿಗೆ ಮರಳಿದವರ ಆರೋಗ್ಯವನ್ನು ಮನೆಬಾಗಿಲಲ್ಲಿ ವಿಚಾರಿಸಿದವರು ಆಶಾ ಕಾರ್ಯಕರ್ತೆಯರು. 2020ರ ಜುಲೈನಲ್ಲಿ ಅವರು ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ಸುರಕ್ಷತಾ ಸಾಮಗ್ರಿ ಕೇಳಿ ಮುಷ್ಕರ ಹೂಡಿದಾಗ, ಅವರ ದುಡಿಮೆಯನ್ನೇ ನೆಚ್ಚಿದ್ದ ಪಂಚಾಯಿತಿಗೆ ಆ ಬೇಡಿಕೆಯನ್ನು ಈಡೇರಿಸುವ ಅಧಿಕಾರವಿರಲಿಲ್ಲ.