ಒಂದು ಬೈಟ್ ತಾನೇ ಮೇಡಂ?

ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಲಿನಕ್ಸ್ ಕರ್ನಲ್‌ನಲ್ಲಿ ಒಂದು ಡ್ರೈವರ್‌ಗೆ ಬಂದ ಪ್ಯಾಚ್, ಅಂದರೆ ಕೋಡ್ ತಿದ್ದುಪಡಿ, ಅದು. ಕಳಿಸಿದವನು ತಂಡಕ್ಕೆ ಹೊಸದಾಗಿ ಸೇರಿದ ಹುಡುಗ. ಒಂದು ಸ್ಟ್ರಕ್ಟ್‌ನ (ಹಲವು ಮಾಹಿತಿಗಳನ್ನು ಒಟ್ಟಿಗೆ ಇಡುವ ಕಟ್ಟು) ಕೊನೆಗೆ ಒಂದು ಬೂಲ್ (ಹೌದು-ಇಲ್ಲ ಮಾತ್ರ ಹೇಳುವ ಮಾಹಿತಿ) ಸೇರಿಸಿದ್ದ, ಬೇರೆ ಕಡೆ ಅದನ್ನು ಟ್ರೂ ಮಾಡಿದ್ದ. ಅಷ್ಟೇ. "ಇದಕ್ಕೆ ಮೆಮೊರಿ ಎಷ್ಟು ಹೋಗುತ್ತೆ?" ಅಂತ ಕೇಳಿದೆ. ತಂಡಕ್ಕೆ ಹೊಸದಾಗಿ ಸೇರಿದ ಹುಡುಗ. "ಒಂದು ಬೈಟ್ ತಾನೇ ಮೇಡಂ?" ಅಂದ.

ಒಂದಲ್ಲ, 32.

ಅವನ ಸ್ಟ್ರಕ್ಟ್ ಮೊದಲು ಸರಿಯಾಗಿ 64 ಬೈಟ್ ಇತ್ತು. ಒಳಗೆ ಪಾಯಿಂಟರ್‌ಗಳಿವೆ, ಅಂದರೆ ಮೆಮೊರಿಯ ವಿಳಾಸಗಳು. 64 ಬಿಟ್ ಯಂತ್ರದಲ್ಲಿ ಪಾಯಿಂಟರ್ 8ರ ಗಡಿಯಲ್ಲೇ, ಅಂದರೆ 8ರಿಂದ ಭಾಗವಾಗುವ ವಿಳಾಸದಲ್ಲೇ, ಕೂರಬೇಕು, ಹಾಗಾಗಿ ಇಡೀ ಸ್ಟ್ರಕ್ಟ್‌ನ ಅಳತೆಯೂ 8ರ ಲೆಕ್ಕದಲ್ಲೇ ಏರಬೇಕು. ಕೊನೆಗೆ ಒಂದು ಬೈಟ್ ಸೇರಿದ್ದೇ ತಡ, ಕಂಪೈಲರ್ ಇನ್ನೂ 7 ಖಾಲಿ ಬೈಟ್ ತುಂಬಿಸಿ 72 ಮಾಡಿತು. ಕಥೆ ಅಲ್ಲಿಗೇ ಮುಗಿಯಲಿಲ್ಲ. ಕರ್ನಲ್‌ನಲ್ಲಿ ಕೆಮ್ಯಾಲಕ್ ಅಂತ ಮೆಮೊರಿ ಕೇಳಿದರೆ, ಕೇಳಿದಷ್ಟನ್ನೇ ಅಳೆದು ಕೊಡುವುದಿಲ್ಲ. ಅದರ ಹತ್ತಿರ ಇರುವುದು ಗೊತ್ತಾದ ಅಳತೆಯ ಡಬ್ಬಿಗಳು: 8, 16, 32, 64, 96, 128, 192, 256, ಆಮೇಲೆ ದುಪ್ಪಟ್ಟು ದುಪ್ಪಟ್ಟು. ಪಾವಿನ ಡಬ್ಬಿಗೆ ಒಂದು ಹಿಡಿ ಅಕ್ಕಿ ಜಾಸ್ತಿಯಾದರೆ ಅಚ್ಚೇರಿನ ಡಬ್ಬಿಯನ್ನೇ ಇಳಿಸಬೇಕು, ಅಲ್ವಾ? 72ಕ್ಕೆ ಸಿಗುವುದು 96ರ ಡಬ್ಬಿ. 4096 ಬೈಟ್‌ನ ಒಂದು ಪುಟದಲ್ಲಿ (ಕರ್ನಲ್ ಮೆಮೊರಿಯನ್ನು ಹಂಚುವ ತುಂಡು) ಮೊದಲು 64 ಕೂರುತ್ತಿದ್ದವು, ಈಗ 42. ಈ ಸ್ಟ್ರಕ್ಟ್ ಪ್ರತಿ ಕನೆಕ್ಷನ್‌ಗೆ ಒಂದು. ಹತ್ತು ಲಕ್ಷ ಕನೆಕ್ಷನ್ ಇರುವ ಸರ್ವರ್‌ನಲ್ಲಿ 30 ಎಂಬಿ ಮೇಲೆ ಸುಮ್ನೆ ಹೋಯಿತು.

ಆ್ಯಪ್ ಬರೆಯುವವರು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳದಿದ್ದರೂ ನಡೆದೀತು. ಅವರ ಮೆಮೊರಿ ಬಳಕೆಯಲ್ಲಿಲ್ಲದಿದ್ದರೆ ಕರ್ನಲ್ ಅದನ್ನು ಡಿಸ್ಕಿಗೆ ತಳ್ಳಬಹುದು. ಕರ್ನಲ್ ತನಗಾಗಿ ಹೀಗೆ ತೆಗೆದುಕೊಂಡದ್ದು ಸ್ವಾಪ್ ಆಗುವುದಿಲ್ಲ. ಬಿಡುವವರೆಗೆ ರ‍್ಯಾಮ್‌ನಲ್ಲೇ ಕೂತಿರುತ್ತದೆ.

ಇಂಥ ಪ್ಯಾಚ್ ಬಂದಾಗ ನಾನು ಮೊದಲು ಓಡಿಸುವುದು ಪಹೋಲ್. ಬ್ರೆಜಿಲ್‌ನ ಅರ್ನಾಲ್ಡೊ ಕಾರ್ವಾಲ್ಯೊ ಡಿ ಮೆಲೊ ಬರೆದ ಸಲಕರಣೆ. ಡೀಬಗ್ ಮಾಹಿತಿ ಓದಿ, ಸ್ಟ್ರಕ್ಟ್‌ನಲ್ಲಿ ಯಾವ ಫೀಲ್ಡ್ (ಸ್ಟ್ರಕ್ಟ್‌ನ ಒಂದು ಅಂಶ) ಎಲ್ಲಿ ಕೂತಿದೆ, ಎಲ್ಲೆಲ್ಲಿ ತೂತು, ಅಂದರೆ ಖಾಲಿ ಬೈಟ್, ಬಿದ್ದಿದೆ ಅಂತ ಸಾಲು ಸಾಲಾಗಿ ತೋರಿಸುತ್ತದೆ. ಒಂದು ಚಿಕ್ಕ ಲೆಕ್ಕ ನೋಡಿ. ಒಂದು ಬೂಲ್, ಒಂದು ಪಾಯಿಂಟರ್, ಒಂದು ಇಂಟ್ (ಪೂರ್ಣಾಂಕ), ಮತ್ತೊಂದು ಪಾಯಿಂಟರ್, ಮತ್ತೊಂದು ಬೂಲ್. ನಿಜವಾದ ಸರಕು 1+8+4+8+1, ಅಂದರೆ 22 ಬೈಟ್. ಇದೇ ಕ್ರಮದಲ್ಲಿ ಬರೆದರೆ ಮೊದಲ ಬೂಲ್ ಆದಮೇಲೆ 7 ಬೈಟ್ ತೂತು, ಇಂಟ್ ಆದಮೇಲೆ 4, ಕೊನೆಯಲ್ಲಿ ಇನ್ನೊಂದು 7. ಒಟ್ಟು 40, ಅಂದರೆ 64ರ ಡಬ್ಬಿ. ದೊಡ್ಡವನ್ನು ಮೇಲಿಟ್ಟು ಚಿಕ್ಕವನ್ನು ಕೆಳಗೆ ಒತ್ತಿ ಕೂರಿಸಿದರೆ 24, ಅಂದರೆ 32ರ ಡಬ್ಬಿ. ಒಂದು ಫೀಲ್ಡ್ ಕೂಡ ತೆಗೆಯದೆ ಅರ್ಧ ಉಳಿಯಿತು.

ಇದನ್ನು ಕಲಿತ ಹೊಸತರಲ್ಲಿ ಎಲ್ಲರಿಗೂ ಒಂದು ಹುಚ್ಚು ಹಿಡಿಯುತ್ತದೆ. 120 ಬೈಟ್‌ನ ಸ್ಟ್ರಕ್ಟನ್ನು ಕಷ್ಟಪಟ್ಟು 104ಕ್ಕೆ ಇಳಿಸಿ, "16 ಬೈಟ್ ಉಳಿತಾಯ" ಅಂತ ಹೆಮ್ಮೆಯಿಂದ ಕಳಿಸುತ್ತಾರೆ. ಎರಡಕ್ಕೂ ಡಬ್ಬಿ 128ರದ್ದೇ. ಉಳಿದದ್ದು ಸೊನ್ನೆ. ಅಂಥದ್ದನ್ನು ವಾಪಸ್ ಕಳಿಸುವಾಗ ನನಗೂ ಸ್ವಲ್ಪ ಬೇಜಾರೇ.

ಹಾಗಾಗಿ ಎಷ್ಟು ಬೈಟ್ ಅನ್ನುವುದಕ್ಕಿಂತ ಇಂಥವು ಎಷ್ಟು ಇರುತ್ತವೆ ಅನ್ನುವುದನ್ನೇ ನಾನು ಜಾಸ್ತಿ ಕೇಳುತ್ತೇನೆ. ಬೂಟ್ ಆಗುವಾಗ ಒಂದೇ ಸಲ ಹುಟ್ಟುವ ಸ್ಟ್ರಕ್ಟ್ ಎರಡು ಕೆಬಿ ಇದ್ದರೂ ನಾನು ಮಾತಾಡುವುದಿಲ್ಲ. ಡೆಂಟ್ರಿ ಮುಟ್ಟಿದರೆ ಮಾತ್ರ ಕಿವಿ ನೆಟ್ಟಗಾಗುತ್ತದೆ. ಫೈಲ್ ಹೆಸರುಗಳನ್ನು ನೆನಪಿಟ್ಟುಕೊಳ್ಳುವ ಸ್ಟ್ರಕ್ಟ್ ಅದು. 64 ಬಿಟ್‌ನಲ್ಲಿ 192 ಬೈಟ್, ಪುಟಕ್ಕೆ 21. ಎಂಟು ಬೈಟ್ ಸೇರಿಸಿದರೆ 20ಕ್ಕಿಂತ ಜಾಸ್ತಿ ಕೂರುವುದಿಲ್ಲ. ಒಂದು ಕೋಟಿ ಡೆಂಟ್ರಿ ಇರುವ ಫೈಲ್ ಸರ್ವರ್‌ನಲ್ಲಿ ಅದು ಕಡಿಮೆ ಅಂದರೂ 93 ಎಂಬಿ. ಸ್ಟ್ರಕ್ಟ್ ಪೇಜ್ ಇನ್ನೂ ಭಯ. ಪ್ರತಿ 4 ಕೆಬಿ ಪುಟಕ್ಕೂ 64 ಬೈಟ್‌ನ ಒಂದು ಚೀಟಿ. 16 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಬರೀ ಚೀಟಿಗಳೇ 256 ಎಂಬಿ, ಒಂದು ಟಿಬಿ ಸರ್ವರ್‌ನಲ್ಲಿ 16 ಜಿಬಿ. ಅಲ್ಲಿ ಎಂಟು ಬೈಟ್ ಸೇರಿಸುತ್ತೇನೆ ಅಂದರೆ ಎರಡು ಜಿಬಿ ಕೇಳಿದ ಹಾಗೆ. ಅದಕ್ಕೇ ಅದರೊಳಗೆ ಯೂನಿಯನ್ ಮೇಲೆ ಯೂನಿಯನ್, ಒಂದೇ ಜಾಗಕ್ಕೆ ನಾಲ್ಕಾರು ಅರ್ಥ. ಓದುವುದಕ್ಕೆ ತಲೆನೋವು, ಆದರೆ ಯಾರೂ ಸುಮ್ನೆ ಹಾಗೆ ಬರೆದಿಲ್ಲ.

ಪರ್-ಸಿಪಿಯು ಮೆಮೊರಿಯೂ, ಅಂದರೆ ಪ್ರತಿ ಕೋರ್‌ಗೂ ಒಂದೊಂದು ಪ್ರತಿ ಇರುವ ಮೆಮೊರಿಯೂ, ಹಾಗೇ ಮೋಸ ಮಾಡುತ್ತದೆ. ಬರೆಯುವವರ ಮೇಜಿನ ಮೇಲಿರುವುದು ಎಂಟು ಕೋರ್, ಕೋಡ್ ಓಡುವುದು 256 ಕೋರ್‌ನಲ್ಲಿ. ಒಂದೊಂದಕ್ಕೆ 4 ಕೆಬಿ ಅಂದರೆ ಅಲ್ಲೇ ಒಂದು ಎಂಬಿ. ಕಂಟೇನರ್‌ಗೆ (ಒಂದೇ ಯಂತ್ರದಲ್ಲಿ ಬೇರ್ಪಡಿಸಿ ಓಡಿಸುವ ಪ್ರೋಗ್ರಾಂಗಳ ಗುಂಪು) ಒಂದರಂತೆ ಹುಟ್ಟಿದರೆ ಲೆಕ್ಕ ನೀವೇ ಹಾಕಿ.

ಆಮೇಲೆ, ತೆಗೆದುಕೊಂಡದ್ದನ್ನು ಬಿಡುವವರು ಯಾರು? ಎಲ್ಲ ಸರಿಯಾಗಿ ನಡೆದಾಗ ಬಿಡುವುದನ್ನು ಎಲ್ಲರೂ ಬರೆದಿರುತ್ತಾರೆ. ಮೂರನೇ ಅಲೊಕೇಶನ್ (ಕೇಳಿದ ಮೆಮೊರಿ) ಸಿಗದೆ ಫಂಕ್ಷನ್ ನೇರ ರಿಟರ್ನ್ ಆದಾಗ ಮೊದಲ ಎರಡು ಅನಾಥವಾಗುತ್ತವೆ. ಕಾಲೇಜಿನಲ್ಲಿ ಬೈಸಿಕೊಂಡ ಗೋಟು (ಕೋಡ್‌ನಲ್ಲಿ ಬೇರೆ ಸಾಲಿಗೆ ನೇರ ಜಿಗಿಸುವ ಆದೇಶ) ಕರ್ನಲ್‌ನಲ್ಲಿ ಮರ್ಯಾದಸ್ಥ ಆಗಿರುವುದು ಇದಕ್ಕೇ: ಬಂದ ದಾರಿಯಲ್ಲೇ ಉಲ್ಟಾ ಹೋಗಿ ಒಂದೊಂದನ್ನೇ ಬಿಡಿಸಲು. ಬಳಕೆದಾರ ಕೇಳಿದಷ್ಟು ಸಲ ಹುಟ್ಟುವ ಮೆಮೊರಿಯಾದರೆ ಅದು ಯಾರ ಖಾತೆಗೆ ಬೀಳುತ್ತದೆ ಅಂತಲೂ ನೋಡಬೇಕು. ಆ ಖಾತೆಗೆ ಬರೆಸುವ ಅಕೌಂಟ್ ಫ್ಲ್ಯಾಗ್ ಮರೆತರೆ ಒಂದು ಕಂಟೇನರ್ ತನ್ನ ಮಿತಿ ದಾಟದೆಯೇ ಇಡೀ ಯಂತ್ರವನ್ನು ತಿಂದುಹಾಕಬಹುದು.

ನಾನೇನು ತಪ್ಪೇ ಮಾಡಿಲ್ಲ ಅಂತಲ್ಲ. ಒಮ್ಮೆ ಒಂದು ಸ್ಟ್ರಕ್ಟ್ ಮಧ್ಯೆ ದೊಡ್ಡ ತೂತು ಕಂಡು, "ಇದನ್ನು ಮುಚ್ಚಿ" ಅಂತ ಬರೆದೆ. ಮುಚ್ಚಿದರು. ಸ್ಟ್ರಕ್ಟ್ ಚಿಕ್ಕದಾಯಿತು, ಡ್ರೈವರ್ ನಿಧಾನವಾಯಿತು. ಎಲ್ಲ ಕೋರ್‌ಗಳೂ ಓದುವ ಒಂದು ಪಾಯಿಂಟರ್, ಪ್ರತಿ ಪ್ಯಾಕೆಟ್‌ಗೂ ಬದಲಾಗುವ ಒಂದು ಕೌಂಟರ್, ಎರಡೂ ಒಂದೇ 64 ಬೈಟ್ ಕ್ಯಾಶ್ ಲೈನಿಗೆ (ಕೋರ್ ಒಮ್ಮೆಗೆ ತನ್ನ ಹತ್ತಿರ ತಂದಿಟ್ಟುಕೊಳ್ಳುವ ಮೆಮೊರಿ ತುಂಡು) ಬಂದುಬಿಟ್ಟಿದ್ದವು. ಒಂದು ಕೋರ್ ಬರೆದಾಗಲೆಲ್ಲ ಉಳಿದವುಗಳ ಕೈಯಲ್ಲಿದ್ದ ಪ್ರತಿ ರದ್ದು. ಆ ತೂತನ್ನು ಯಾರೋ ಬೇಕಂತಲೇ ಬಿಟ್ಟಿದ್ದರು, ಕಾಮೆಂಟ್ ಮಾತ್ರ ಹಾಕಿರಲಿಲ್ಲ. ಈಗ ತೂತು ಕಂಡರೆ ಮೊದಲು ಗಿಟ್ ಬ್ಲೇಮ್ (ಯಾವ ಸಾಲನ್ನು ಯಾರು, ಯಾವಾಗ ಬರೆದರು ಅಂತ ತೋರಿಸುವ ಆದೇಶ) ನೋಡುತ್ತೇನೆ, ಆಮೇಲೆ ಬಾಯಿ ಬಿಡುತ್ತೇನೆ.

ಹುಡುಗನ ಸ್ಟ್ರಕ್ಟ್‌ಗೂ ಪಹೋಲ್ ಓಡಿಸಿ, ಬಂದದ್ದನ್ನು ಅವನ ಕೈಗೆ ಕೊಟ್ಟೆ. ಮಧ್ಯದಲ್ಲಿ ಒಂದು ಇಂಟ್, ಅದರ ಬೆನ್ನಿಗೇ 4 ಬೈಟ್ ತೂತು. ಗಿಟ್ ಬ್ಲೇಮ್‌ನಲ್ಲೂ ವಿಶೇಷ ಏನಿರಲಿಲ್ಲ. ಸಂಜೆ ಎರಡನೇ ಆವೃತ್ತಿ ಬಂತು. ಅದೇ ಬೂಲ್, ಆ ಇಂಟ್‌ನ ಕೆಳಗೆ. ಅಳತೆ 64.