ಯಾರ ಪರಿಚಯವೂ ಇಲ್ಲದೆ ಬಯೋಟೆಕ್ ಸಮಾವೇಶಕ್ಕೆ ಹೋದರೆ ಏನು ಸಿಗುತ್ತದೆ?

ಪ್ರಶ್ನೆ: ದಾವಣಗೆರೆಯಲ್ಲಿ ಎಂಎಸ್ಸಿ ಬಯೋಟೆಕ್ನಾಲಜಿ ಕೊನೆಯ ವರ್ಷ ಓದುತ್ತಿದ್ದೇನೆ. ಬೆಂಗಳೂರು ಟೆಕ್ ಸಮಿಟ್‌ಗೆ ಹೋಗು, ನೆಟ್‌ವರ್ಕಿಂಗ್ ಆಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅಲ್ಲಿ ಯಾರೂ ಗೊತ್ತಿಲ್ಲ. ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೆ. ಖರ್ಚು ಮಾಡಿಕೊಂಡು ಹೋಗಬೇಕಾ?

ಉತ್ತರ: ಹೋಗಿ. ಆದರೆ ರೆಸ್ಯೂಮೆ ಹಂಚೋಕೆ ಅಂತ ಹೋಗಬೇಡಿ. ಸ್ಟಾಲ್ ಹಾಕಿದವರು ಬಂದಿರುವುದು ಗಿರಾಕಿ ಹುಡುಕಲು, ಪಾಲುದಾರರನ್ನು ಹುಡುಕಲು. ದೊಡ್ಡ ಕಂಪನಿಗಳ ಸ್ಟಾಲಿನಲ್ಲಿ ಕೆಲಸಕ್ಕೆ ಸೇರಿಸಿಕೊಳ್ಳುವವರು ಇರುವುದು ಅಪರೂಪ. ನೀವು ಕೊಟ್ಟ ರೆಸ್ಯೂಮೆ ಸಂಜೆ ಹೊತ್ತಿಗೆ ಬ್ರೋಷರ್‌ಗಳ ರಾಶಿಯಲ್ಲಿ ಸೇರಿಹೋಗುತ್ತದೆ. ಅಲ್ಲಿ ನಿಮಗೆ ನಿಜವಾಗಿ ಸಿಗುವುದು ಈ ಉದ್ಯಮದ ದುಡ್ಡು ಯಾವ ಕಡೆ ಹೋಗುತ್ತಿದೆ, ಒಳಗಿನವರು ದಿನವೂ ಯಾವ ತೊಂದರೆ ಜತೆ ಗುದ್ದಾಡುತ್ತಾರೆ ಅನ್ನುವ ಅಂದಾಜು. ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಮೊದಲು ಜಾಗದ ವಿಚಾರ. ಹಿಂದೆ ಬಯೋಟೆಕ್‌ಗೆ ಬೇರೆ, ಐಟಿಗೆ ಬೇರೆ ಸಮಾವೇಶ ಇತ್ತು. 2017ರಲ್ಲಿ ಎರಡೂ ಸೇರಿ ಟೆಕ್ ಸಮಿಟ್ ಆಯಿತು. ಹಾಗಾಗಿ ದೊಡ್ಡ ವೇದಿಕೆಯಲ್ಲಿ ಎಐ, ಸೆಮಿಕಂಡಕ್ಟರ್ ಮಾತೇ ಜಾಸ್ತಿ. ಒಳಗೆ ಹೋದ ಕೂಡಲೇ ನಕ್ಷೆ ನೋಡಿ, ಬಯೋಟೆಕ್ ಸ್ಟಾಲ್‌ಗಳ ಕಡೆ ನಡೆಯಿರಿ. ಬಹಳ ವರ್ಷ ಅರಮನೆ ಆವರಣದಲ್ಲಿ ನಡೆಯುತ್ತಿದ್ದ ಸಮಾವೇಶ 2025ರಲ್ಲಿ ತುಮಕೂರು ರಸ್ತೆಯ ಬಿಐಇಸಿ ವಸ್ತುಪ್ರದರ್ಶನ ಕೇಂದ್ರಕ್ಕೆ ಬಂತು. ಮುಂದೆಯೂ ಅಲ್ಲೇ ನಡೆದರೆ ನಿಮಗೆ ಅನುಕೂಲ. ದಾವಣಗೆರೆ ಬಸ್ಸು ಆ ದಾರಿಯಲ್ಲೇ ಬರುತ್ತದೆ, ಪಕ್ಕದಲ್ಲೇ ಮಾದಾವರ ಮೆಟ್ರೋ ನಿಲ್ದಾಣವೂ ಇದೆ.

ಈಗ ಟ್ರೆಂಡ್‌ಗಳು. ಬೆಂಗಳೂರಿನಲ್ಲಿ ಜಾಸ್ತಿ ಜನಕ್ಕೆ ಅನ್ನ ಹಾಕುತ್ತಿರುವುದು ಬಯೋಸಿಮಿಲರ್ (ಜೀವಕೋಶಗಳಿಂದ ತಯಾರಾದ ಮೂಲ ಔಷಧಿಗೆ ತೀರಾ ಹತ್ತಿರದ ಪ್ರತಿರೂಪ) ಮತ್ತು ಬೇರೆ ಕಂಪನಿಗಳಿಗಾಗಿ ಮಾಡಿಕೊಡುವ ಗುತ್ತಿಗೆ ಸಂಶೋಧನೆ, ಗುತ್ತಿಗೆ ಉತ್ಪಾದನೆ. 1978ರಲ್ಲಿ ಎಂಜೈಮ್ ತಯಾರಿಕೆಯಿಂದ ಶುರುವಾದ ಬಯೋಕಾನ್, ಮೈಲಾನ್ ಕಂಪನಿ ಜತೆ ಸೇರಿ ಮಾಡಿದ ಟ್ರಾಸ್ಟುಜುಮಾಬ್ ಬಯೋಸಿಮಿಲರ್‌ಗೆ 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಆ ಸ್ತನ ಕ್ಯಾನ್ಸರ್ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಬಯೋಸಿಮಿಲರ್ ಅದು. ಈಗ ವಿದೇಶಿ ಕಂಪನಿಗಳು ಚೀನಾ ಒಂದನ್ನೇ ನಂಬಿಕೊಳ್ಳೋದು ಬೇಡ ಅಂತ ಭಾರತದ ಕಡೆಗೂ ನೋಡುತ್ತಿವೆ. ಇಲ್ಲಿ ಕೆಲಸ ಕೊಡುವುದು ಪ್ರೋಟೀನ್ ಶುದ್ಧೀಕರಣ, ಕ್ವಾಲಿಟಿ ಕಂಟ್ರೋಲ್, ಜಿಎಂಪಿ (ಔಷಧಿ ತಯಾರಿಕೆಯ ಗುಣಮಟ್ಟದ ನಿಯಮ) ದಾಖಲೆ ಬರೆಯುವ ಶಿಸ್ತು. ಹುಡುಗರು ಇದನ್ನು ಬೋರ್ ಅನ್ನುತ್ತಾರೆ. ಆದರೆ ಒಂದು ಸಲಕ್ಕೆ ತಯಾರಾದ ಔಷಧಿಯ ಪೂರ್ತಿ ದಾಖಲೆಯಾದ ಬ್ಯಾಚ್ ರೆಕಾರ್ಡ್‌ನಲ್ಲಿ ಒಂದು ಸಹಿ ತಪ್ಪಿದರೂ ಇಡೀ ಬ್ಯಾಚ್ ತಡೆದು ನಿಲ್ಲಿಸುತ್ತಾರೆ. ಔಷಧಿ ಸುರಕ್ಷಿತವಾಗಿ ರೋಗಿಗೆ ತಲುಪುವುದು ಈ ಶಿಸ್ತಿನಿಂದಲೇ.

ಎರಡನೆಯದು ಕೋಶ ಚಿಕಿತ್ಸೆ. ನಮ್ಮ ದೇಶದಲ್ಲೇ ತಯಾರಾದ ಮೊದಲ ಕಾರ್-ಟಿ ಕ್ಯಾನ್ಸರ್ ಚಿಕಿತ್ಸೆ ನೆಕ್ಸ್‌ಕಾರ್19ಕ್ಕೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಇಮ್ಯುನೀಲ್ ಕಂಪನಿ 2025ರಲ್ಲಿ ತನ್ನದನ್ನು ತಂದಿತು. ಇಲ್ಲಿ ರೋಗಿಯದೇ ಟಿ-ಕೋಶ (ರೋಗದ ವಿರುದ್ಧ ಹೋರಾಡುವ ರಕ್ತಕಣ) ತೆಗೆದು, ಬದಲಿಸಿ, ಬೆಳೆಸಿ, ಅದೇ ರೋಗಿಗೆ ವಾಪಸ್ ಕೊಡುತ್ತಾರೆ. ಒಬ್ಬ ರೋಗಿಗೆ ಒಂದು ಬ್ಯಾಚ್. ಹಾಗಾಗಿ ಪ್ರತಿ ಬ್ಯಾಚಿಗೂ ಪೂರ್ತಿ ಪರೀಕ್ಷೆ ಆಗಬೇಕು. ಸೆಲ್ ಕಲ್ಚರ್‌ನಲ್ಲಿ ಕೈ ಪಳಗಿದವರಿಗೆ ಇಲ್ಲಿ ಬೆಲೆ ಇದೆ.

ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ಜೈವಿಕ ಉತ್ಪಾದನೆಗೆ ಉತ್ತೇಜನ ಕೊಡುವ ಬಯೋಇ3 ನೀತಿ ಒಪ್ಪಿದ ಮೇಲೆ, ಸೂಕ್ಷ್ಮಜೀವಿಗಳಿಂದ ವಸ್ತು ತಯಾರಿಸುವ ಫರ್ಮೆಂಟೇಶನ್ ಮಾತೂ ಜೋರಾಗಿದೆ. ಎಐ ಅಂತೂ ಎಲ್ಲ ಫಲಕದ ಮೇಲೂ ಇರುತ್ತದೆ. ಪ್ರೋಟೀನ್ ರಚನೆ ಊಹಿಸುವ ಕೆಲಸಕ್ಕೆ 2024ರಲ್ಲಿ ನೊಬೆಲ್ಲೇ ಬಂತು, ಅದನ್ನು ಕಡೆಗಣಿಸೋ ಹಾಗಿಲ್ಲ. ಸ್ವಲ್ಪ ಪೈಥಾನ್ ಪ್ರೋಗ್ರಾಮಿಂಗ್ ಕಲಿಯಿರಿ. ಆದರೆ ಲ್ಯಾಬ್ ಕೆಲಸ ಬಿಟ್ಟು ಅದರ ಹಿಂದೆ ಓಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ಕಂಪ್ಯೂಟರ್ ಸೂಚಿಸಿದ ಪ್ರೋಟೀನನ್ನು ಯಾರಾದರೂ ಮಾಡಿ ನೋಡಲೇಬೇಕು, ಅಲ್ವಾ?

ಇನ್ನು ಮಾತಾಡೋದು ಹೇಗೆ? ಒಬ್ಬ ಹುಡುಗಿ, ಪ್ರೋಟೀನ್ ಬೇರ್ಪಡಿಸಿ ಶುದ್ಧ ಮಾಡುವ ಕ್ರೊಮ್ಯಾಟೋಗ್ರಫಿ ಸಾಮಗ್ರಿಯ ಸ್ಟಾಲಿನ ಮುಂದೆ ತುಂಬಾ ಹೊತ್ತು ಅಳುಕುತ್ತಾ ನಿಂತಿದ್ದಳು. ಕೊನೆಗೆ ಧೈರ್ಯ ಮಾಡಿ ಕೇಳಿದಳು: ‘ಸರ್, ಈ ಪ್ರೋಟೀನ್-ಎ ರೆಸಿನ್ ಎಷ್ಟು ಸೈಕಲ್ ಬರುತ್ತೆ? ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ತೊಳೆದರೆ ತಡೆಯುತ್ತಾ?’ ಅಷ್ಟು ಹೊತ್ತು ಬಂದವರಿಗೆಲ್ಲ ಪೆನ್ನು ಹಂಚುತ್ತಿದ್ದ ಇಂಜಿನಿಯರ್ ಕುರ್ಚಿ ಎಳೆದು ಕೂರಿಸಿದರು. ಮಿಶ್ರಣದಲ್ಲಿರುವ ಆಂಟಿಬಾಡಿಯನ್ನು ಹಿಡಿದಿಟ್ಟು ಬೇರೆ ಮಾಡುವ ಸಣ್ಣ ಮಣಿಗಳು ಆ ರೆಸಿನ್. ಆಂಟಿಬಾಡಿ ಶುದ್ಧೀಕರಣದಲ್ಲಿ ಅತಿ ದುಬಾರಿ ಸಾಮಗ್ರಿ ಅದು. ಹಳೆಯ ರೆಸಿನ್‌ಗಳು ಸೋಡಿಯಂ ಹೈಡ್ರಾಕ್ಸೈಡ್‌ನಂಥ ಕ್ಷಾರಕ್ಕೆ ಬೇಗ ಹಾಳಾಗುತ್ತಿದ್ದವು, ಹೊಸವು ತಡೆಯುತ್ತವೆ. ಎಷ್ಟು ಸಲ ತೊಳೆದು ಮತ್ತೆ ಬಳಸಬಹುದು ಅನ್ನುವುದರ ಮೇಲೆ ಔಷಧಿಯ ಖರ್ಚು ಏರಿಳಿಯುತ್ತದೆ. ಅವರು ಕಾಗದದ ಮೇಲೆ ಗ್ರಾಫ್ ಬರೆದು ವಿವರಿಸಿದರು. ಮಾತು ನಡೆದದ್ದು ಅರ್ಧ ಕನ್ನಡ, ಅರ್ಧ ಇಂಗ್ಲಿಷ್‌ನಲ್ಲಿ.

ನೀವೂ ಹೀಗೇ ಮಾಡಿ. ನಿಮ್ಮ ಪ್ರಾಜೆಕ್ಟ್‌ನಲ್ಲಿ ಎಲ್ಲಿ ಸಿಕ್ಕಿಹಾಕಿಕೊಂಡಿರೋ ಅದನ್ನೇ ಕೇಳಿ. ಇಂಗ್ಲಿಷ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಏನು ಓದುತ್ತಿದ್ದೀರಿ, ಯಾವ ಕೆಲಸ ಮಾಡಿದ್ದೀರಿ, ಏನು ತಿಳಿಯಬೇಕು ಅನ್ನುವ ಮೂರು ವಾಕ್ಯ ಬಾಯಿಪಾಠ ಇರಲಿ. ಎದುರಿಗಿರುವವರು ಎಷ್ಟೋ ಸಲ ನಮ್ಮ ಊರಿನ ಕಡೆಯವರೇ ಆಗಿರುತ್ತಾರೆ.

ಹೆಚ್ಚು ಹೊತ್ತು ಸ್ಟಾರ್ಟಪ್ ಸ್ಟಾಲ್‌ಗಳಲ್ಲಿ ಕಳೆಯಿರಿ. ಜಿಕೆವಿಕೆ ಆವರಣದ ಸಿ-ಕ್ಯಾಂಪ್, ಎಲೆಕ್ಟ್ರಾನಿಕ್ಸ್ ಸಿಟಿಯ ಬೆಂಗಳೂರು ಬಯೋಇನ್ನೊವೇಶನ್ ಸೆಂಟರ್‌ನಂಥ, ಹೊಸ ಕಂಪನಿಗಳಿಗೆ ಆಸರೆ ಕೊಡುವ ಕಡೆ ಬೆಳೆಯುತ್ತಿರುವ ಕಂಪನಿಗಳವು. ಬಯೋಟೆಕ್ ಸ್ಟಾರ್ಟಪ್‌ಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಸಂಸ್ಥೆ ಬಿರಾಕ್‌ನ ಬಿಗ್ ಅನುದಾನ ಯೋಜನೆಯಲ್ಲಿ 18 ತಿಂಗಳಿಗೆ 50 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಆ ದುಡ್ಡಿನಲ್ಲಿ ನಡೆಯುವ ಪುಟ್ಟ ತಂಡದ ಸ್ಥಾಪಕರು ಸ್ಟಾಲಿನಲ್ಲಿ ತಾವೇ ನಿಂತಿರುತ್ತಾರೆ. ಯಾರನ್ನು ಸೇರಿಸಿಕೊಳ್ಳಬೇಕು ಅಂತ ತೀರ್ಮಾನಿಸುವವರೂ ಅವರೇ.

ಸಿಕ್ಕ ಕಾರ್ಡಿನ ಹಿಂದೆ ಏನು ಮಾತಾಡಿದಿರಿ ಅಂತ ಅಲ್ಲೇ ಬರೆದುಕೊಳ್ಳಿ. ಅವತ್ತು ರಾತ್ರಿಯೇ ಲಿಂಕ್ಡ್‌ಇನ್‌ನಲ್ಲಿ ಆ ಮಾತನ್ನು ನೆನಪಿಸಿ ಎರಡು ಸಾಲು ಕಳಿಸಿ. ಇಂಟರ್ನ್‌ಶಿಪ್ ಕೇಳೋದು ಕೆಲವು ವಾರ ಬಿಟ್ಟು, ಅವರು ಹೇಳಿದ್ದನ್ನು ಓದಿಯೋ ಮಾಡಿಯೋ ನೋಡಿದ ಮೇಲೆ.

ಖರ್ಚಿನ ಮಾತಿಗೆ ಬಂದರೆ, ಭಾಷಣಗಳಿಗೆಲ್ಲ ಪ್ರವೇಶ ಕೊಡುವ ಡೆಲಿಗೇಟ್ ಪಾಸ್ ದುಬಾರಿ. ನಿಮಗೆ ವಸ್ತುಪ್ರದರ್ಶನದ ಪಾಸ್ ಸಾಕು. ಮೊದಲ ದಿನ ಬೆಳಗ್ಗೆ ಉದ್ಘಾಟನೆಯ ನೂಕುನುಗ್ಗಲು, ಕೊನೆಯ ದಿನ ಮಧ್ಯಾಹ್ನಕ್ಕೆಲ್ಲ ಸ್ಟಾಲ್ ಬಿಚ್ಚಲು ಶುರು. ನಡುವಿನ ದಿನ ಬೆಳಗ್ಗೆಯೇ ಹೋಗಿಬಿಡಿ.